ಹಳೇ ರಿಪೋರ್ಟ್ ಇರುವವರ ಗಮನಕ್ಕೆ

ಪೋಷಕರೇ, ಕೆಲವು ಮಕ್ಕಳ ಹಳೇ ರಿಪೋರ್ಟ್‌ನಲ್ಲಿರುವ 'ಆಸ್ಪರ್ಜರ್ಸ್' (ಮಾತು ಕಲಿಯುವುದು ತಡವಾಗದ ಬಗೆಯ ಆಟಿಸಂಗೆ ಹಿಂದೆ ಇದ್ದ ಹೆಸರು) ಆಟಿಸಂ ಹೌದೋ ಅಲ್ಲವೋ ಎಂದು ನಿನ್ನೆ ಈ ಗುಂಪಿನಲ್ಲಿ ನಡೆದ ಚರ್ಚೆಯ ಬಗ್ಗೆ. 2013ರ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಡಯಾಗ್ನೋಸಿಸ್ ಕೈಪಿಡಿ) ಆ ಹೆಸರನ್ನೂ, ಆಟಿಸಂನ ಕೆಲವೇ ಲಕ್ಷಣಗಳಿದ್ದಾಗ ಕೊಡುತ್ತಿದ್ದ ಪಿಡಿಡಿ-ಎನ್‌ಒಎಸ್ ಅನ್ನೂ ಕೈಬಿಟ್ಟು, ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್ (ಎಎಸ್‌ಡಿ) ಅಡಿ ತಂದಿತು. ಮೊದಲೇ ಖಚಿತವಾಗಿ ಆ ಡಯಾಗ್ನೋಸಿಸ್ ಆಗಿದ್ದವರನ್ನು ಎಎಸ್‌ಡಿ ಎಂದೇ ಪರಿಗಣಿಸಬೇಕೆಂದು ಅದರಲ್ಲೇ ಇದೆ. ಹೆಸರು ಬದಲಾಯಿತೆಂದು ಮಗುವಿಗೆ ಏನೋ ಹೆಚ್ಚಾಗಿದೆ ಅಂತ ಗಾಬರಿ ಬೀಳಬೇಡಿ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲೂ ಇರುವುದು ಈ ಹೊಸ ಹೆಸರೇ. ಯುಡಿಐಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕುವವರು ಹಳೇ ರಿಪೋರ್ಟ್ ಎಸೆಯದೆ ಜೊತೆಗೆ ಒಯ್ಯಿರಿ.

ತಮ್ಮನ್ನು 'ಆಸ್ಪಿ' (ಆಸ್ಪರ್ಜರ್ಸ್ ಇರುವವರು ಎಂಬುದರ ಚುಟುಕು ರೂಪ) ಎಂದುಕೊಳ್ಳುವ ದೊಡ್ಡ ಮಕ್ಕಳನ್ನು ತಿದ್ದಲು ಹೋಗಬೇಡಿ, ಅದು ಅವರಿಷ್ಟ. ಆದರೆ 'ನಮ್ಮದು ಆಸ್ಪರ್ಜರ್ಸ್ ಅಷ್ಟೇ, ಆಟಿಸಂ ಅಲ್ಲ' ಎಂಬ ಮಾತು, ಇನ್ನೂ ಮಾತು ಬಾರದ ಮಕ್ಕಳ ತಾಯಂದಿರೂ ಇರುವ ಈ ಗುಂಪಿನಲ್ಲಿ ದಯವಿಟ್ಟು ಬೇಡ.