ಬೇಸಿಗೆ ಬರುವುದು ಸೂರ್ಯ ಹತ್ತಿರವಾಗಿ ಅಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ, ಅದಕ್ಕೇ ಬಿಸಿಲು ಇಷ್ಟು ಸುಡುತ್ತದೆ ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಪದವಿ ಓದಿದವರೂ ಹೇಳುತ್ತಾರೆ. ಇತ್ತೀಚೆಗೆ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಭೂಮಿಯ ಕಕ್ಷೆಯನ್ನು ಉದ್ದನೆಯ ಮೊಟ್ಟೆಯಾಕಾರದಲ್ಲಿ ಬರೆದು, ಸೂರ್ಯನ ಮಗ್ಗುಲಿನ ತುದಿಗೆ ‘ಬೇಸಿಗೆ’ ಎಂದು ಚೀಟಿ ಅಂಟಿಸಿದ್ದರು. ಮಾಡಿದ ಹುಡುಗಿಯ ಶ್ರದ್ಧೆಗೆ ಕೊರತೆ ಇರಲಿಲ್ಲ. ಹೇಳಿಕೊಟ್ಟದ್ದೇ ತಪ್ಪು.

ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ. ವಿಜಯಪುರದಲ್ಲಿ ಅದು ಸಿದ್ಧೇಶ್ವರ ಜಾತ್ರೆಗೆ ಊರು ಸಜ್ಜಾಗುವ, ಹೊಲದಲ್ಲಿ ಸೀತನಿ (ಎಳೆ ಜೋಳದ ತೆನೆ) ಸುಡುವ, ಬೆಳಗಿನ ಜಾವ ಕಂಬಳಿ ಬಿಡಲಾಗದ ಕಾಲ. ಅತಿ ದೂರ, ಅಂದರೆ 15.2 ಕೋಟಿ ಕಿ.ಮೀ. ಹೋಗುವುದು ಜುಲೈನಲ್ಲಿ. ಈ ಅಂತರದಿಂದ ಭೂಮಿಗೆ ಸಿಗುವ ಬಿಸಿಲಿನಲ್ಲಿ ಆಗುವ ಏರುಪೇರು ಶೇ 7ರಷ್ಟು ಮಾತ್ರ. ಋತುಗಳನ್ನು ತರುವುದು 23.4 ಡಿಗ್ರಿ ವಾಲಿರುವ ಭೂಮಿಯ ಅಕ್ಷ: ಸೂರ್ಯನ ಕಡೆಗೆ ವಾಲಿದ ಅರ್ಧಕ್ಕೆ ಬಿಸಿಲು ಹೆಚ್ಚು ನೆಟ್ಟಗೆ ಬಿದ್ದು ಬೇಸಿಗೆ, ಇನ್ನೊಂದು ಅರ್ಧಕ್ಕೆ ಚಳಿಗಾಲ.

ಉಳಿದ ಗ್ರಹಗಳನ್ನೂ ಜೊತೆಗಿಟ್ಟು ಪಾಠ ಮಾಡಿದರೆ ಈ ಗೊಂದಲ ತಾನೇ ಬಿಡಿಸಿಕೊಳ್ಳುತ್ತದೆ. ಗುರುಗ್ರಹ ವಾಲಿರುವುದು ಬರೀ 3 ಡಿಗ್ರಿ. ಅದರ ಒಂದು ವರ್ಷ ನಮ್ಮ ಸುಮಾರು 12 ವರ್ಷ, ಆದರೂ ಹೇಳಿಕೊಳ್ಳುವಂಥ ಋತುಗಳಿಲ್ಲ. ಯುರೇನಸ್ ಪೂರ್ತಿ ಅಡ್ಡ ಮಲಗಿದ ಗ್ರಹ, ಸುಮಾರು 98 ಡಿಗ್ರಿ. ಅದರ 84 ವರ್ಷಗಳ ಸುತ್ತಿನಲ್ಲಿ ಒಂದೊಂದು ಧ್ರುವಕ್ಕೂ 42 ವರ್ಷ ಬೆಳಕು, 42 ವರ್ಷ ಕತ್ತಲು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪಾಠ ಮಂಗಳನದು. ನಮ್ಮ ಮಂಗಳಯಾನ 2014ರಲ್ಲಿ ಅಲ್ಲಿಗೆ ಹೋದದ್ದರಿಂದ ಮಕ್ಕಳಿಗೆ ಅದು ಪರಕೀಯವೂ ಅಲ್ಲ. ವಾಲುವಿಕೆ 25 ಡಿಗ್ರಿ, ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ಕಕ್ಷೆ ನಿಜಕ್ಕೂ ಸಾಕಷ್ಟು ಒಂದು ಪಕ್ಕಕ್ಕೆ ಸರಿದಿದೆ: ಸೂರ್ಯನಿಂದ ಕನಿಷ್ಠ 20.7 ಕೋಟಿ ಕಿ.ಮೀ., ಗರಿಷ್ಠ 24.9 ಕೋಟಿ. ಹತ್ತಿರ ಬಂದಾಗ ದೂರವಿದ್ದಾಗಿನದಕ್ಕಿಂತ ಸುಮಾರು ಶೇ 45ರಷ್ಟು ಹೆಚ್ಚು ಬಿಸಿಲು ಬೀಳುತ್ತದೆ. ಹತ್ತಿರವಿದ್ದಾಗ ಗ್ರಹ ಬೇಗ ಓಡುವುದರಿಂದ ಋತುಗಳ ಅಳತೆಯೂ ಒಂದೇ ಅಲ್ಲ. ಉತ್ತರಾರ್ಧದ ವಸಂತಕ್ಕೆ 194 ಮಂಗಳದಿನ, ಶರತ್ಕಾಲಕ್ಕೆ ಬರೀ 142. ಗ್ರಹ ಸೂರ್ಯನ ಹತ್ತಿರವಿರುವ ಹೊತ್ತಿಗೇ ಬರುವುದರಿಂದ ದಕ್ಷಿಣಾರ್ಧದ ಬೇಸಿಗೆ ಚಿಕ್ಕದು, ಆದರೆ ಉಗ್ರ. ದಕ್ಷಿಣಾರ್ಧದ ವಸಂತ, ಬೇಸಿಗೆಗಳಲ್ಲೇ ದೊಡ್ಡ ಧೂಳುಬಿರುಗಾಳಿಗಳು ಏಳುತ್ತವೆ. 2018ರಲ್ಲಿ ಎದ್ದದ್ದು ಇಡೀ ಗ್ರಹವನ್ನೇ ಮುಚ್ಚಿತು. ಸೌರಫಲಕಗಳಿಗೆ ಬೆಳಕು ಸಿಗದೆ, ಮಂಗಳದ ನೆಲದ ಮೇಲೆ ಓಡಾಡುತ್ತಿದ್ದ ನಾಸಾದ ಆಪರ್ಚುನಿಟಿ ರೋವರ್ ಜೂನ್ 10ರ ನಂತರ ಮಾತಾಡಲೇ ಇಲ್ಲ. ದೂರದ ಪ್ರಭಾವ ಎಂದರೆ ಏನು ಎಂದು ತೋರಿಸಬೇಕಿದ್ದರೆ ಮಂಗಳವನ್ನು ತೋರಿಸಬೇಕು, ಭೂಮಿಯನ್ನಲ್ಲ.

ಭೂಮಿಯ ವಾಲುವಿಕೆಯನ್ನು ನೋಡಲು ಒಂದು ಮೀಟರ್ ಕೋಲು ಸಾಕು. ಶಾಲೆಯ ಅಂಗಳದಲ್ಲಿ ನೆಟ್ಟಗೆ ನೆಡಿ. ಡಿಸೆಂಬರ್ 21ರ ಮಧ್ಯಾಹ್ನ ವಿಜಯಪುರದಲ್ಲಿ ಅದರ ನೆರಳು ಉತ್ತರಕ್ಕೆ ಸುಮಾರು 85 ಸೆಂ.ಮೀ. ಚಾಚುತ್ತದೆ. ಜೂನ್ 21ಕ್ಕೆ ಅದೇ ನೆರಳು ಹನ್ನೊಂದು–ಹನ್ನೆರಡು ಸೆಂ.ಮೀ.ಗೆ ಕುಗ್ಗಿ ದಕ್ಷಿಣಕ್ಕೆ ಬೀಳುತ್ತದೆ! ನಡುವೆ, ಮೇ ಮೊದಲ ವಾರದ ಕೊನೆಗೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಕೋಲಿನ ನೆರಳೇ ಕಾಣುವುದಿಲ್ಲ. ಮೇನಲ್ಲಿ ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಮೋಡದ ಭಯವಿದ್ದರೂ ನಮ್ಮದು ಮಳೆನೆರಳಿನ ಸೀಮೆ, ಒಂದೆರಡು ದಿನ ಹಿಂದುಮುಂದಾಗಿ ನೋಡಿದರೆ ಬಿಸಿಲು ಸಿಕ್ಕೇ ಸಿಗುತ್ತದೆ.

ನಮ್ಮಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆ ಸುಮಾರಿಗೆ. ಶಿಕ್ಷಕರಿಗೆ ಇದು ತಿಳಿಯದಿದ್ದರೆ ಪ್ರಯೋಗ ಕೆಡುತ್ತದೆ. ಆದ್ದರಿಂದ ತಮ್ಮ ಪತ್ರಿಕೆ ಡಿಸೆಂಬರ್ 21, ಜೂನ್ 21 ಮತ್ತು ನೆರಳು ಕಾಣದ ಆ ಎರಡು ದಿನ, ಈ ನಾಲ್ಕೂ ದಿನ ಬರುವ ಮುಂಚಿನ ಸಂಚಿಕೆಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ನಿಖರ ಮಧ್ಯಾಹ್ನದ ವೇಳೆಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ವಿಜಯಪುರ