ಟಿಇಟಿ: ಕೊಠಡಿ ಮೇಲ್ವಿಚಾರಕರಿಗೆ ತರಬೇತಿ ಕೊಡಿ

ಮಾನ್ಯ ಸಂಪಾದಕರೇ,

ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪ್ರಮಾಣಪತ್ರಕ್ಕೆ 2021ರಲ್ಲಿ ಜೀವಿತಾವಧಿಯ ಮಾನ್ಯತೆ ದೊರೆತ ಮೇಲೆ ಅದರ ಒಂದೊಂದು ಅಂಕದ ಬೆಲೆಯೂ ಹೆಚ್ಚಿದೆ. ಸಾಮಾನ್ಯ ವರ್ಗದ ಅಭ್ಯರ್ಥಿ 150ಕ್ಕೆ 90 ಅಂಕ ಪಡೆಯಲೇಬೇಕು. 89ಕ್ಕೆ ನಿಂತವರ ಪಾಲಿಗೆ ಆ ವರ್ಷದ ಶ್ರಮವೆಲ್ಲ ವ್ಯರ್ಥ.

ಇಂತಹ ಪರೀಕ್ಷೆಯ ಮೇಲ್ವಿಚಾರಣೆಗೆ ನಿಯೋಜಿತರಾದ ಶಿಕ್ಷಕರಿಗೆ ಸೂಚನೆಗಳನ್ನು ಅವಸರದಲ್ಲಿ ಓದಿ ಹೇಳಿ ಕೊಠಡಿಗೆ ಕಳುಹಿಸಿದ್ದನ್ನು ಕೇಂದ್ರವೊಂದರಲ್ಲಿ ಕಂಡಿದ್ದೇನೆ. ಪ್ರಶ್ನೆಪತ್ರಿಕೆಯ ಸರಣಿ ಸಂಕೇತವನ್ನು ಯಂತ್ರದಿಂದ ಓದಲಾಗುವ ಒಎಂಆರ್ ಉತ್ತರ ಹಾಳೆಯಲ್ಲಿ ತಪ್ಪಾಗಿ ತುಂಬಿದ ಅಭ್ಯರ್ಥಿಯೊಬ್ಬರು ಏನು ಮಾಡಬೇಕೆಂದು ಕೇಳಿದಾಗ ಮೇಲ್ವಿಚಾರಕರಿಗೇ ಉತ್ತರ ತಿಳಿದಿರಲಿಲ್ಲ. ಅವರು ಮುಖ್ಯ ಅಧೀಕ್ಷಕರನ್ನು ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿದ್ದವು. 150 ಪ್ರಶ್ನೆಗಳಿಗೆ 150 ನಿಮಿಷಗಳಷ್ಟೇ ಇರುವಾಗ ಇದು ಸಣ್ಣ ನಷ್ಟವಲ್ಲ. ಕೊಠಡಿಯಲ್ಲಿ ಗೋಡೆ ಗಡಿಯಾರವೂ ಇರಲಿಲ್ಲ.

ನಕಲು ತಡೆಯುವ ಬಿಗಿ ಕ್ರಮಗಳನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಅದರೊಂದಿಗೆ ಒಎಂಆರ್ ಹಾಳೆಯ ನಿರ್ವಹಣೆ, ಅಂಗವಿಕಲ ಅಭ್ಯರ್ಥಿಗಳಿಗೆ ಸಲ್ಲಬೇಕಾದ ಹೆಚ್ಚುವರಿ ಸಮಯ ಹಾಗೂ ಅವರ ಪರವಾಗಿ ಉತ್ತರ ಬರೆಯುವ ಬರಹಗಾರರ ಸೌಲಭ್ಯದ ನಿಯಮಗಳ ಬಗ್ಗೆ ಮೇಲ್ವಿಚಾರಕರಿಗೆ ಒಂದು ದಿನದ ಪ್ರಾಯೋಗಿಕ ತರಬೇತಿ ನೀಡಿ, ಪ್ರತಿ ಕೊಠಡಿಗೂ ಗಡಿಯಾರ ಒದಗಿಸಿದ ಬಳಿಕವೇ ಮುಂದಿನ ಪರೀಕ್ಷೆ ನಡೆಸಬೇಕೆಂದು ಶಾಲಾ ಶಿಕ್ಷಣ ಇಲಾಖೆಯನ್ನು ಕಳಕಳಿಯಿಂದ ಕೋರುತ್ತೇನೆ.

– ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ