ಸ್ಟಿರಾಯ್ಡ್ ಕಣ್ಣಿನ ಹನಿ: ಹಳೇ ಚೀಟಿಗೆ ಕೊಡಬೇಡಿ

ಮಾನ್ಯರೆ,

ಬೇಸಿಗೆ ಬಂತೆಂದರೆ ನಮ್ಮ ಕಡೆ ಮಕ್ಕಳು ಕಣ್ಣುಜ್ಜಲು ಶುರು ಮಾಡುತ್ತವೆ. ಬಿಸಿಲು, ಧೂಳು, ಒಣಗಾಳಿ. ನನ್ನ ಮೊಮ್ಮಗನಿಗೂ ಏಳನೇ ವಯಸ್ಸಿನಿಂದ ಇದೇ ಕಾಟ. ಕಣ್ಣು ಕೆಂಪಗೆ, ಬೆಳಿಗ್ಗೆ ಎದ್ದರೆ ನೂಲಿನ ಹಾಗೆ ಎಳೆಎಳೆಯಾದ ಗೀಜು. ವೈದ್ಯರು ಅಲರ್ಜಿ ಎಂದು ಹನಿ ಬರೆದುಕೊಟ್ಟರು. ಮೂರೇ ದಿನಕ್ಕೆ ತುರಿಕೆ ಮಾಯ. ಇಷ್ಟು ಒಳ್ಳೆಯ ಔಷಧಿಯ ಚೀಟಿ ಹರಿದುಹೋಗಬಾರದೆಂದು ನಾನೇ ಅದನ್ನು ಲ್ಯಾಮಿನೇಟ್ ಮಾಡಿಸಿಟ್ಟೆ. ಮೂಲೆಯಲ್ಲಿ 'ಹತ್ತು ದಿನ' ಎಂದು ಇಂಗ್ಲಿಷಿನಲ್ಲಿ ಗೀಚಿದ್ದನ್ನು, ಮೂವತ್ತು ವರ್ಷ ಪಾಠ ಹೇಳಿದ ನಾನು, ಓದಲಿಲ್ಲ.

ಎರಡು ವರ್ಷ ಅದೇ ಚೀಟಿಗೆ ಅದೇ ಹನಿ. ಆಮೇಲೆ ಚೀಟಿಯೂ ಬೇಕಾಗಲಿಲ್ಲ; ಖಾಲಿ ಬಾಟಲಿ ತೋರಿಸಿದರೆ ಮೆಡಿಕಲ್ ಶಾಪಿನ ಹುಡುಗ ಹೊಸದನ್ನು ಎತ್ತಿಕೊಡುತ್ತಿದ್ದ. ಅಗ್ಗವೂ ಹೌದು. ಸ್ಕೂಲಿಗೆ ಹೊರಡುವ ಮುಂಚೆ ಎರಡು ಹನಿ, ಮಲಗುವ ಮುಂಚೆ ಎರಡು ಹನಿ, ಹಾಕುತ್ತಿದ್ದವನೂ ನಾನೇ.

ಮೂರನೇ ಬೇಸಿಗೆಯಲ್ಲಿ ಹುಡುಗ ಪಕ್ಕದಿಂದ ಬಂದ ಚೆಂಡು ಕಾಣದೆ ಮುಖಕ್ಕೆ ಹೊಡೆಸಿಕೊಂಡ. ದನ ಕಟ್ಟುವ ಗೂಟ ಎಡವಿದ. ನಾವು 'ಗಮನ ಎಲ್ಲಿರ್ತದೋ' ಎಂದು ಬೈದೆವು. ಬೋರ್ಡಿನ ಅಕ್ಷರ ಚೆನ್ನಾಗಿ ಓದುತ್ತಿದ್ದನಲ್ಲ, ಕಣ್ಣಿಗೇನಾಗಿರುತ್ತದೆ? ಊರಿನ ಶಿಬಿರದಲ್ಲೂ ಗೋಡೆಯ ಮೇಲಿನ ಅಕ್ಷರ ಓದಿಸಿ 'ಸರಿಯಿದೆ' ಎಂದೇ ಕಳಿಸಿದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನೊಳಗಿನ ಒತ್ತಡ ಅಳೆದರು. ಸಾಮಾನ್ಯವಾಗಿ ಅದು ಪಾದರಸದ 10ರಿಂದ 21 ಮಿಲಿಮೀಟರ್ ಒಳಗಿರಬೇಕಂತೆ. ಇವನದು ಬಲಗಣ್ಣಲ್ಲಿ 38, ಎಡಗಣ್ಣಲ್ಲಿ 41. ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತು ಎಂದರು. ಹೊರಗೆ ಕೂತಿದ್ದ ನನಗೆ ಗುಂಡಿಯ ಸದ್ದು ಕೇಳುತ್ತಿತ್ತು. ನಡುನಡುವೆ ಬಹಳ ಹೊತ್ತು ಸದ್ದೇ ಇರುತ್ತಿರಲಿಲ್ಲ. ಆಮೇಲೆ ಬಂದ ಹಾಳೆಯಲ್ಲಿ ಎಡಗಣ್ಣಿನ ಚಿತ್ರದ ಅಂಚೆಲ್ಲ ಕಪ್ಪು.

ಅದು ಗ್ಲಾಕೋಮಾ. ಹನಿಯಲ್ಲಿದ್ದದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ಅಂದರೆ ಊತ, ಕೆಂಪು ಬೇಗ ಇಳಿಸುವ ಔಷಧಿ. ವೈದ್ಯರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಕಣ್ಣಿನೊಳಗೆ ನೀರಿನಂಥ ದ್ರವ ಸದಾ ಹುಟ್ಟಿ, ಮೂಲೆಯ ಸಣ್ಣ ಜಾಲರಿಯ ಮೂಲಕ ಹೊರಗೆ ಇಳಿದುಹೋಗುತ್ತಿರುತ್ತದೆ. ಕೆಲವರ ಕಣ್ಣಲ್ಲಿ ಸ್ಟಿರಾಯ್ಡ್ ಆ ಜಾಲರಿಯನ್ನು ಕಟ್ಟಿಸುತ್ತದೆ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಬೇಗ ಆಗಬಹುದು. ಇಳಿಯಲು ದಾರಿಯಿಲ್ಲದೆ ಒತ್ತಡ ಏರಿ, ಕಣ್ಣಿನ ಹಿಂದಿನ ನರ ಸವೆಯುತ್ತದೆ. ಹೆಚ್ಚಾಗಿ ನೋವಿಲ್ಲ, ಕೆಂಪಿಲ್ಲ. ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನೇರ ನೋಟ ಕೊನೆಗೆ. ಪೊರೆಯಾದರೆ ತೆಗೆದು ಲೆನ್ಸ್ ಹಾಕಬಹುದು. ಸತ್ತ ನರಕ್ಕೆ ಏನೂ ಇಲ್ಲ. ಮೊಮ್ಮಗನಿಗೆ ಆಪರೇಷನ್ ಆಗಿದೆ, ಒತ್ತಡ ಹತೋಟಿಗೆ ಬಂದಿದೆ. ಹೋದದ್ದು ಹೋಯಿತು.

ಸ್ಟಿರಾಯ್ಡ್ ಹನಿಯೇ ವಿಷ ಎಂದು ನಾನು ಹೇಳುತ್ತಿಲ್ಲ. ಪೊರೆ ಆಪರೇಷನ್ ಆದವರಿಗೆ ಅದನ್ನೇ ಕೊಡುತ್ತಾರೆ, ವಾರವಾರಕ್ಕೆ ಇಳಿಸುತ್ತ ನಿಲ್ಲಿಸುತ್ತಾರೆ. ನಿಲ್ಲಿಸುವವರು ಯಾರೂ ಇಲ್ಲದ ಕಡೆ ಅದು ಸಿಗುವುದೇ ತೊಂದರೆ. 2023ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಕೆಂಗಣ್ಣು ಹಬ್ಬಿದಾಗ ನೋಡಿ, ತಾನಾಗಿ ವಾಸಿಯಾಗುವ ವೈರಸ್ ಕಾಯಿಲೆಗೆ ನಮ್ಮ ಬೀದಿಯಲ್ಲಿ ಮನೆಮನೆಗೂ ಆಂಟಿಬಯೋಟಿಕ್ ಜೊತೆ ಸ್ಟಿರಾಯ್ಡ್ ಬೆರೆಸಿದ ಬಾಟಲಿ ಬಂದಿತ್ತು. ನಮ್ಮದು ಭದ್ರಾ ನಾಲೆಯ ಭತ್ತದ ಸೀಮೆ. ಸುಗ್ಗಿಯಲ್ಲಿ ಭತ್ತದ ಸುಂಕು ಕಣ್ಣಿಗೆ ಬಡಿದರೆ ಕರಿಗುಡ್ಡೆಯ ಮೇಲೆ ಶಿಲೀಂಧ್ರದ ಹುಣ್ಣಾಗುವುದುಂಟು. ಅಂಥ ಕಣ್ಣಿಗೆ ಈ ಹನಿ ಬಿದ್ದರೆ ಉರಿ ಕಡಿಮೆಯಾಗುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. 'ಕಣ್ಣಿಗೆ ಹೂ ಬಿತ್ತು' ಎನ್ನುತ್ತಾರಲ್ಲ, ಹಾಗೆ ಬಿಳಿ ಕಲೆ ಉಳಿದವರು ನಮ್ಮೂರಲ್ಲೇ ಇದ್ದಾರೆ.

ಕಾನೂನು ಇಲ್ಲವೆ? ಇದೆ. ಇವೆಲ್ಲ ಶೆಡ್ಯೂಲ್ ಎಚ್ ಔಷಧಿಗಳು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆ ಎಚ್ಚರಿಕೆ ಡಬ್ಬಿಯ ಮೇಲೂ ಇರುತ್ತದೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ. ಬೀಡಿ ಕಟ್ಟಿನ ಮೇಲೆ ಅಷ್ಟು ದೊಡ್ಡ ಚಿತ್ರ ಹಾಕಿಸುವ ಸರ್ಕಾರಕ್ಕೆ ಈ ಬಾಟಲಿಯ ಮೇಲೆ ಕನ್ನಡದಲ್ಲಿ 'ಸ್ಟಿರಾಯ್ಡ್' ಎಂದೊಂದು ಪದ ಹಾಕಿಸುವುದು ಕಷ್ಟವೇ? ವೈದ್ಯರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು: ಹನಿ ನಿಲ್ಲಿಸಬೇಕಾದ ತಾರೀಖನ್ನು ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆಯಿರಿ, ಬಾಯಲ್ಲೂ ಹೇಳಿ. ಅಂಗಡಿಯವರು ತಾರೀಖು ದಾಟಿದ ಚೀಟಿಗೆ ಕೊಡದಿರಲಿ. ನನ್ನಂಥವರು ಜಗಳ ತೆಗೆದರೂ ಸರಿಯೇ.

ಮನೆಯಲ್ಲಿ ಮಗುವಿಗೆ ತಿಂಗಳಾನುಗಟ್ಟಲೆ ಹನಿ ಹಾಕುತ್ತಿರುವವರು ಈಗಲೇ ಬಾಟಲಿ ತಿರುಗಿಸಿ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಕಣ್ಣಿನ ವೈದ್ಯರ ಬಳಿ ಒತ್ತಡ ಅಳೆಸಿ, ಹಿಂದಿನ ನರವನ್ನೂ ನೋಡಲು ಹೇಳಿ. ಹೋಗುವಾಗ ಬಾಟಲಿ ಜೊತೆಗಿರಲಿ.

– ನಿವೃತ್ತ ಶಿಕ್ಷಕ, ಹರಿಹರ ತಾಲ್ಲೂಕು